ಎಡಗಡೆಯ ಚೈನು

ಘಟಪ್ರಭೆಯ ದಂಡೆಯ ಮೇಲೆ ತಗಡಿನ ಶೆಡ್ಡೊಂದಿತ್ತು. ಅಲ್ಲಿ ದೇವರಿರಲಿಲ್ಲ, ಗದ್ದುಗೆಯೂ ಇರಲಿಲ್ಲ. ಆದರೂ ಊರಿನವರು ಅದನ್ನು ಮಠವೆಂದೇ ಕರೆಯುತ್ತಿದ್ದರು. ಒಬ್ಬ ಗುರು, ಇಬ್ಬರು ಶಿಷ್ಯರು, ಮಾತಿಗಿಂತ ಕೆಲಸ ಹೆಚ್ಚು. ಮಠ ಅನ್ನಿಸಿಕೊಳ್ಳಲು ಇನ್ನೇನು ಬೇಕು?

ಗುರುಗಳ ಹೆಸರು ಅಡಿವೆಪ್ಪ. ಸೈನ್ಯದಲ್ಲಿ ಮೂವತ್ತು ವರ್ಷ ಟ್ಯಾಂಕು ರಿಪೇರಿ ಮಾಡಿ ಬಂದವರು. ಈಗ ಅದೇ ಟ್ಯಾಂಕುಗಳನ್ನು ಆರನೆಯ ಒಂದು ಪಾಲಿನ ಅಳತೆಯಲ್ಲಿ ಕಟ್ಟಲು ಕಲಿಸುತ್ತಿದ್ದರು. ಯಾರಾದರೂ ಆಟಿಕೆ ಅಂದರೆ ಸಿಟ್ಟಿಗೇಳುತ್ತಿದ್ದರು. ಸಿಟ್ಟು ಸರಿಯೇ, ಒಂದೊಂದೂ ನಾಲ್ಕು ಅಡಿ ಉದ್ದ, ಎತ್ತಲು ಇಬ್ಬರು ಬೇಕು. ರಿಮೋಟು ಒತ್ತಿದರೆ ಉಕ್ಕಿನ ಚೈನುಗಳ ಮೇಲೆ ಗಡಗಡ ಹೊರಡುತ್ತಿದ್ದವು.

ಹಿರಿಯ ಶಿಷ್ಯ ಲಗಮಣ್ಣ. ಸಕ್ಕರೆ ಕಾರ್ಖಾನೆಯ ಲೇತು ಯಂತ್ರದ ಕೆಲಸ ಬಿಟ್ಟು ಬಂದು ನಾಲ್ಕು ವರ್ಷವಾಗಿತ್ತು. ಕಿರಿಯವನು ಭೀಮಶಿ. ಅವನು ಬಂದದ್ದು ಎರಡು ವರ್ಷದ ಹಿಂದೆ. ಲಗಮಣ್ಣನಿಗೆ ಅವನ ಮೇಲೆ ಮೊದಲ ದಿನದಿಂದಲೇ ಕಣ್ಣು. ಕಾರಣ ಕೇಳಿದರೆ ಹೇಳಲು ಏನೂ ಇರಲಿಲ್ಲ. ಬಹಳ ನಗುತ್ತಾನೆ, ಅಷ್ಟೇ.

ಮಠದ ಪರೀಕ್ಷೆ ಒಂದೇ. ಟ್ಯಾಂಕು ನದಿಯ ಮೆಟ್ಟಿಲಿನಿಂದ ಹೊರಟು, ಮೊಣಕಾಲುದ್ದವೂ ಇಲ್ಲದ ನೀರನ್ನು ದಾಟಿ, ಆಚೆಯ ಕರಿಬಂಡೆಯನ್ನು ಮುಟ್ಟಬೇಕು. ಬಲಕ್ಕೆ ಮರಳು. ಎಡಕ್ಕೆ ಆಳವಾದ ಮಡು. ಮಡುವಿಗೆ ಬಿದ್ದರೆ ಮೋಟರು, ಬ್ಯಾಟರಿ, ನಾಲ್ಕು ವರ್ಷ, ಎಲ್ಲಾ ಹೋಯಿತು.

ಲಗಮಣ್ಣ ಎರಡು ಸಲ ಸೋತಿದ್ದ. ಮೊದಲ ಸಲ ಗೇರು ಮುರಿಯಿತು. ಎರಡನೆಯ ಸಲ ಒಳಗೆ ನೀರು ಹೊಕ್ಕಿತು. ಮೂರನೆಯ ಸಲ ಸೋತವರನ್ನು ಗುರುಗಳು ಮನೆಗೆ ಕಳಿಸುತ್ತಿದ್ದರು.

ಇನ್ನೊಂದು ಕಟ್ಟಳೆಯಿತ್ತು. ಕಟ್ಟಿದವನು ಪರೀಕ್ಷೆಯ ದಿನ ರಿಮೋಟು ಮುಟ್ಟುವಂತಿಲ್ಲ. ಜೊತೆಯ ಶಿಷ್ಯನೇ ಓಡಿಸಬೇಕು.

“ಇದೆಂಥಾ ಕಟ್ಟಳಿರಿ ಅಜ್ಜಾರ?” ಎಂದು ಲಗಮಣ್ಣ ಒಮ್ಮೆ ಕೇಳಿದ್ದ.

“ಸೈನ್ಯದಾಗ ಕಟ್ಟಾಂವ ಒಬ್ಬ, ಓಡಸಾಂವ ಒಬ್ಬ,” ಎಂದಿದ್ದರು ಗುರುಗಳು. “ಎರಡೂ ನಾನ ಅಂದಾಂವನ್ನ ನಾ ನೋಡಿಲ್ಲ.”

ಲಗಮಣ್ಣ ಹೂಂ ಅಂದಿದ್ದ. ಒಪ್ಪಿರಲಿಲ್ಲ.

ಮೂರನೆಯ ಟ್ಯಾಂಕು ತಯಾರಾಯಿತು. ವೆಲ್ಡಿಂಗಿನ ಗೆರೆ, ರಿವೆಟ್ಟು, ಮುಚ್ಚಳದ ಹಿಡಿಕೆ, ಒಂದೂ ಬಿಟ್ಟಿರಲಿಲ್ಲ. ಹಳೆಯದಾಗಿ ಕಾಣಲೆಂದು ಅಲ್ಲಲ್ಲಿ ಬಣ್ಣ ಕೆರೆದು ತುಕ್ಕು ಬರೆದಿದ್ದ. ಗುರುಗಳು ಬಂದು ಹಿಂಭಾಗದ ಒಂದು ಮೂಲೆಯ ಮೇಲೆ ಬೆರಳಿಟ್ಟರು.

“ಇಲ್ಲಿ ಬಣ್ಣ ಯಾಕ ಹಾರೇತಿ?”

“ಸವದಂಗ ಕಾಣಲಿ ಅಂತರಿ.”

“ಯಾರ ಕಾಲ ಬೀಳತೈತಿ ಇಲ್ಲಿ?”

ಯಾರ ಕಾಲೂ ಬೀಳುವ ಜಾಗವಲ್ಲ ಅದು. ಲಗಮಣ್ಣ ಮತ್ತೆ ಬಣ್ಣ ಹಚ್ಚಿದ. ಹಚ್ಚುವಾಗ, ಇಂಥ ಪ್ರಶ್ನೆಗಳನ್ನು ಭೀಮಶಿಗೆ ಯಾಕೆ ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ಕುದಿದ. ಭೀಮಶಿಗೂ ಕೇಳುತ್ತಿದ್ದರು. ಇವನು ಕೇಳಿಸಿಕೊಂಡಿರಲಿಲ್ಲ.

ಟ್ಯಾಂಕನ್ನು ಅಂಗಳದಲ್ಲಿ ಮೊದಲ ಸಲ ಓಡಿಸಿದ ಮಾರನೆಯ ಬೆಳಿಗ್ಗೆ ಲಗಮಣ್ಣ ಬಂದು ನೋಡಿದ. ಎಡಗಡೆಯ ಚೈನು ಜೋತು ಬಿದ್ದಿತ್ತು. ನಿನ್ನೆ ಬಿಗಿಯಾಗಿದ್ದದ್ದು ಇಂದು ಗಾಲಿಗಳ ಮೇಲೆ ಹಗ್ಗದ ಹಾಗೆ ಇಳಿಬಿದ್ದಿದೆ.

ಟ್ಯಾಂಕು ನಿಂತಿದ್ದದ್ದು ಶಿಷ್ಯರಿಬ್ಬರ ಮೇಜುಗಳ ನಡುವೆ. ಎಡಗಡೆ ಇದ್ದದ್ದು ಭೀಮಶಿಯ ಮೇಜು.

ಲಗಮಣ್ಣ ಯಾರಿಗೂ ಹೇಳಲಿಲ್ಲ. ಚೈನಿನ ಒಂದು ಕೊಂಡಿ ತೆಗೆದು, ಪಿನ್ನು ಬಡಿದು, ಮತ್ತೆ ಬಿಗಿ ಮಾಡಿದ. ಆಮೇಲೆ ಗುರುಗಳ ಬಳಿ ಹೋದ.

“ಅಜ್ಜಾರ, ನನ್ನ ಟ್ಯಾಂಕು ಯಾರೋ ಮುಟ್ಟ್ಯಾರರಿ.”

“ಯಾರು?”

“ನಾ ಹೆಸರ ಹೇಳಾಂವಲ್ಲರಿ.”

“ಇರೂದ ಇಬ್ಬರು,” ಎಂದರು ಗುರುಗಳು. “ಹೇಳಿದಂಗ ಆತಲ್ಲ.”

ಅವರು ಚಹಾ ಕುಡಿಯುತ್ತಾ ಕುಳಿತರು. ವಿಚಾರಣೆಯಿಲ್ಲ, ಬೈಗುಳವಿಲ್ಲ. ಅದು ಲಗಮಣ್ಣನಿಗೆ ಇನ್ನಷ್ಟು ಅನುಮಾನ ತಂದಿತು.

ಪರೀಕ್ಷೆಗೆ ಎರಡು ದಿನ ಉಳಿದಿದ್ದಾಗ ಭೀಮಶಿ ಅಂಗಳದಲ್ಲಿ ಟ್ಯಾಂಕು ಓಡಿಸಿ ನೋಡಿದ. ಹತ್ತು ಹೆಜ್ಜೆ ನೆಟ್ಟಗೆ ಹೋದ ಟ್ಯಾಂಕು ಎಡಕ್ಕೆ ವಾಲಿತು. ಮತ್ತೆ ಓಡಿಸಿದ. ಮತ್ತೆ ಎಡಕ್ಕೆ. ನದಿಯಲ್ಲಾಗಿದ್ದರೆ ಎರಡು ಸಲವೂ ಮಡುವಿನ ಪಾಲು.

“ಬೇಕಂತ ಎಳ್ಯಾಕತ್ತೀಯಲ್ಲ?” ಲಗಮಣ್ಣ ಚೀರಿದ.

ಭೀಮಶಿಯ ಮುಖದ ನಗು ಹೋಯಿತು. ರಿಮೋಟನ್ನು ತಂದು ಅವನ ಕೈಗಿಟ್ಟ.

“ತಗೋ ಅಣ್ಣಾ. ಇವತ್ತ ಪರೀಕ್ಷಾ ಇಲ್ಲಲ್ಲ, ನೀನ ಓಡಿಸು.”

ಲಗಮಣ್ಣ ಓಡಿಸಿದ. ಹತ್ತು ಹೆಜ್ಜೆ ನೆಟ್ಟಗೆ. ಆಮೇಲೆ ಎಡಕ್ಕೆ.

ಯಾರಾದರೂ ಅಲ್ಲಿಗೆ ನಿಲ್ಲಿಸುತ್ತಿದ್ದರು. ಆದರೆ ಅನುಮಾನ ಒಂದು ಬಾಗಿಲು ಮುಚ್ಚಿದರೆ ಪಕ್ಕದ ಮನೆಯ ಬಾಗಿಲು ಬಡಿಯುತ್ತದೆ. ಭೀಮಶಿಯಲ್ಲವಾದರೆ ಮತ್ತ್ಯಾರು? ಗುರುಗಳು! ಸಂಬಳವಿಲ್ಲದೆ ದುಡಿಯುವ ಶಿಷ್ಯ ಗೆದ್ದು ಹೊರಟುಹೋದರೆ ಅವರಿಗೇನು ಲಾಭ? ಈ ಹಳೆಯ ರಿಮೋಟುಗಳು ಒಂದೇ ಚಾನಲ್ಲಿನವು. ಎರಡನೆಯದೊಂದು ಕೈಯಲ್ಲಿದ್ದರೆ ಯಾರ ಟ್ಯಾಂಕನ್ನಾದರೂ ಎತ್ತಲಾದರೂ ತಿರುಗಿಸಬಹುದು. ಎರಡು ಸಲ ಸೋತದ್ದೂ ಹಾಗೇ ಇರಬೇಕು.

ಮಧ್ಯಾಹ್ನ ಗುರುಗಳು ನದಿಗೆ ಸ್ನಾನಕ್ಕೆ ಹೋದಾಗ ಲಗಮಣ್ಣ ಅವರ ಸೈನ್ಯದ ಟ್ರಂಕು ತೆಗೆದ. ಮಡಿಸಿದ ಕಂಬಳಿ. ಹಿತ್ತಾಳೆಯ ಮಗ್ಗು. ತಳದಲ್ಲಿ ಬಟ್ಟೆ ಸುತ್ತಿದ ರಿಮೋಟು.

ಇದ್ದೇ ಇತ್ತು! ಅವನಿಗೆ ದುಃಖಕ್ಕಿಂತ ಖುಷಿಯೇ ಹೆಚ್ಚಾಯಿತು. ನಾಲ್ಕು ವರ್ಷ ತಾನು ಯಾರ ಕಾಲು ಮುಟ್ಟಿದ್ದನೋ ಆ ಮನುಷ್ಯ ಮೋಸಗಾರನೆಂದು ಗೊತ್ತಾದಾಗ ಖುಷಿಯಾಗುವುದು ಒಳ್ಳೆಯ ಲಕ್ಷಣವಲ್ಲ. ಆದರೆ ಆಯಿತು.

“ಸಿಕ್ತೇನು?”

ಬಾಗಿಲಲ್ಲಿ ಗುರುಗಳು ಒದ್ದೆ ಪಂಚೆಯಲ್ಲಿ ನಿಂತಿದ್ದರು.

“ಇದರಲೇ ತಿರಗಸ್ತಿದ್ರೇನ್ರಿ?” ಲಗಮಣ್ಣ ರಿಮೋಟನ್ನು ಮುಂದೆ ಹಿಡಿದ.

“ನೀನ ತಿರಗಿಸಿ ನೋಡು.”

ಅವನು ಒತ್ತಿದ. ದೀಪ ಹತ್ತಲಿಲ್ಲ. ಹಿಂದಿನ ಮುಚ್ಚಳ ತೆಗೆದ. ಬ್ಯಾಟರಿಗಳು ಒಳಗೇ ಒಡೆದು, ಹಸಿರು ಕಿಲುಬು ಹಿಡಿದು, ಸ್ಪ್ರಿಂಗುಗಳು ಪುಡಿಯಾಗಿದ್ದವು. ಎಷ್ಟೋ ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತೇನೆ ಅನ್ನಿಸಿತು ಲಗಮಣ್ಣನಿಗೆ. ರಿಮೋಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟ.

ಗುರುಗಳು ಬೈಯಲಿಲ್ಲ. ಪಂಚೆ ಹಿಂಡಿ ಒಣಹಾಕಿ ಬಂದು, ಟ್ಯಾಂಕಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತರು.

“ಕೊಂಡಿ ಎಣಿಸು.”

ಲಗಮಣ್ಣ ಬಲಗಡೆಯದನ್ನು ಎಣಿಸಿದ. “ಎಪ್ಪತ್ತೆಂಟರಿ.”

“ಎಡಕ್ಕ?”

“ಎಪ್ಪತ್ತೇಳು,” ಎಂದ. ಆಮೇಲೆ ತಾನೇ ಹೇಳಿದ, “ನಾನ ಒಂದು ತಗದೇನ್ರಿ. ಜೋತು ಬಿದ್ದಿತ್ತು. ಯಾರೋ ಸಡಿಲ ಮಾಡ್ಯಾರ ಅಂತ...”

“ಹೊಸಾ ಚೈನು ಓಡಿದ ಮ್ಯಾಲ ಏನ ಆಗತೈತಿ?”

ಇಪ್ಪತ್ತು ವರ್ಷ ಯಂತ್ರಗಳ ನಡುವೆ ಬದುಕಿದವನಿಗೆ ಅದು ಗೊತ್ತಿಲ್ಲದ ಸಂಗತಿಯಲ್ಲ. ಮೊದಲ ಓಟಕ್ಕೆ ಪಿನ್ನುಗಳು ತಮ್ಮ ತೂತಿನಲ್ಲಿ ಕೂರುತ್ತವೆ. ಕೂತಷ್ಟು ಚೈನು ಉದ್ದವಾಗುತ್ತದೆ. ಗೊತ್ತಿತ್ತು. ಆದರೆ ಆ ಬೆಳಿಗ್ಗೆ ಅದಕ್ಕಿಂತ ಮೊದಲು ಭೀಮಶಿಯ ಮುಖ ನೆನಪಾಗಿತ್ತು.

“ಜೋತು ಬೀಳತೈತ್ರಿ.”

“ಬಲಗಡಿದೂ ಜೋತು ಬಿದ್ದೈತಿ. ಅವತ್ತ ಅದನ್ನ ನೋಡಿದೇನು?”

ಲಗಮಣ್ಣ ಬಗ್ಗಿ ನೋಡಿದ. ನಿಜ, ಅದೂ ಅಷ್ಟೇ ಇಳಿಬಿದ್ದಿತ್ತು.

“ಇಲ್ಲರಿ.”

“ಯಾಕ?”

ಲಗಮಣ್ಣ ಎರಡೂ ಮೇಜುಗಳ ಕಡೆ ನೋಡಿದ.

“ಅದು ನನ್ನ ಮೇಜಿನ ಕಡೆ ಇತ್ತರಿ.”

ಗುರುಗಳು ತಲೆಯಾಡಿಸಿದರು. ಅಷ್ಟೇ.

ಲಗಮಣ್ಣ ತೆಗೆದ ಕೊಂಡಿಯನ್ನು ಮತ್ತೆ ಹಾಕಿದ. ಟ್ಯಾಂಕನ್ನು ಎಡಕ್ಕೆ ಎಳೆಯುತ್ತಿದ್ದ ಬಿಗಿ ಹೋಗಿ, ಎರಡೂ ಚೈನು ಸಮನಾಗಿ ಜೋತವು. ಅಂಗಳದಲ್ಲಿ ಟ್ಯಾಂಕು ನೆಟ್ಟಗೆ ಓಡಿತು. ಆದರೂ ಅವನು ಆ ಜೋಲು ಚೈನುಗಳನ್ನು ಮತ್ತೆ ಮತ್ತೆ ಬೆರಳಿನಿಂದ ಎತ್ತಿ ನೋಡುತ್ತಿದ್ದ.

“ಅಜ್ಜಾರ, ನೀರಾಗ ಕಳಚಿ ಬಿದ್ದರ?”

“ಬೀಳಬಹುದು.”

“ಹಂಗಾರ ಎಷ್ಟು ಸಡಿಲ ಬಿಡಬೇಕ್ರಿ?”

“ಬಿದ್ದೀತು ಅಂತ ನಿನಗ ಅಂಜಿಕಿ ಬರೂವಷ್ಟು.”

ಪರೀಕ್ಷೆಯ ದಿನ ಬಂತು. ಲಗಮಣ್ಣ ಮುಂದೆ, ಭೀಮಶಿ ಹಿಂದೆ, ಟ್ಯಾಂಕನ್ನು ಎತ್ತಿಕೊಂಡು ಮೆಟ್ಟಿಲಿಗೆ ನಡೆದರು. ಈ ಹಿಂದೆ ಹೊರುವಾಗಲೆಲ್ಲ ಲಗಮಣ್ಣ ಹಿಮ್ಮುಖವಾಗಿ ನಡೆಯುತ್ತಿದ್ದ, ಭೀಮಶಿಯ ಕೈ ಎಲ್ಲಿದೆಯೆಂದು ನೋಡಲು. ಇಂದು ಮುಖ ಮುಂದಕ್ಕಿತ್ತು. ಅದು ನಂಬಿಕೆಯೋ ನಾಚಿಕೆಯೋ ಅವನಿಗೇ ತಿಳಿಯದು.

ಟ್ಯಾಂಕು ಇಳಿಸಿದ ಮೇಲೆ ಅವನು ಭೀಮಶಿಯ ಕಡೆ ತಿರುಗಿದ.

“ಭೀಮಶಿ, ಅವತ್ತ ನಾ ಅಂದದ್ದು...”

“ಅದಿರಲಿ ಅಣ್ಣಾ,” ಎಂದ ಭೀಮಶಿ. ನಗಲಿಲ್ಲ. “ಮೊದಲ ಇದು ದಾಟಲಿ.”

ಆ ಮಾತಿನಲ್ಲಿ ಏನಿತ್ತು? ಕ್ಷಮೆಯೇ? ಸೇಡೇ? ನಾಲ್ಕು ವರ್ಷದ ಕೆಲಸ ಈಗ ಇವನ ಎರಡು ಹೆಬ್ಬೆರಳಿನಲ್ಲಿದೆ. ಒಂದು ಸಲ ಎಡಕ್ಕೆ ಒತ್ತಿದರೆ ಮುಗಿಯಿತು. ಒತ್ತಿದರೆ ತಪ್ಪು ಅನ್ನುವಂತೆಯೂ ಇಲ್ಲ.

“ಲಗಮಣ್ಣಾ,” ಮೆಟ್ಟಿಲ ಮೇಲಿನ ಕಟ್ಟೆಯಿಂದ ಗುರುಗಳು ಕೂಗಿದರು. “ನದಿಗೆ ಬೆನ್ನ ಮಾಡಿ ನಿಂದ್ರು.”

“ಅಜ್ಜಾರ, ಇದು ಕಟ್ಟಳ್ಯಾಗ ಇರಲಿಲ್ಲಲ್ಲರಿ!”

“ನಿನಗ ಅಂತ ಇವತ್ತ ಮಾಡೀನಿ.”

ಅವನು ತಿರುಗಿದ. ಎದುರಿಗೆ ಶೆಡ್ಡಿನ ತಗಡು. ಗುರುಗಳು ಒಂದು ಬದಿಗೆ, ಅವನ ಕಣ್ಣಿಗೆ ಕಾಣದ ಜಾಗದಲ್ಲಿ ಕುಳಿತಿದ್ದರು.

ಹಿಂದೆ ಮೋಟರು ಗುರ್ರೆಂದಿತು. ಚೈನುಗಳು ಕಲ್ಲಿನ ಮೇಲೆ ಕಟಕಟ ಹೊರಟವು, ದಡದ ಮರಳಿನಲ್ಲಿ ಮೆತ್ತಗಾದವು. ಆಮೇಲೆ ನೀರು ಸೀಳುವ ಸದ್ದು. ಸದ್ದು ದೂರವಾಯಿತು. ಎಡಕ್ಕೆ ಹೋಯಿತೇ? ಹಾಗೇ ಕೇಳಿಸಿತು. ತಿರುಗಲೇ? ತಿರುಗಲಿಲ್ಲ.

ಮೋಟರು ನಿಂತಿತು. ನದಿ ಮಾತ್ರ ಹರಿಯುತ್ತಿತ್ತು.

“ಅಣ್ಣಾ,” ಭೀಮಶಿಯ ದನಿ ಬಂತು. “ಮುಟ್ಟಿತು. ಕರಿಬಂಡೆಗೆ ಮುಟ್ಟಿತು.”

ಲಗಮಣ್ಣನ ಕಣ್ಣು ತುಂಬಿದವು. ಆದರೂ ತಡೆಯದೆ ಬಾಯಿ ಕೇಳಿಯೇಬಿಟ್ಟಿತು:

“ಖರೇನೇನ್ರಿ ಅಜ್ಜಾರ?”

“ನನ್ನ ಯಾಕ ಕೇಳತಿ?” ಎಂದರು ಗುರುಗಳು. “ನಾನೂ ಕಣ್ಣ ಮುಚ್ಚಿಗೊಂಡ ಕುಂತೀನಿ.”