ಯಾರೂ ಮುಟ್ಟದ ಬದು

"ಗುರುಗಳೇ, ಶಾಂತಿ ಕೆಡಿಸುವುದಕ್ಕಿಂತ ಒಂದು ಸಣ್ಣ ಅನ್ಯಾಯವನ್ನು ನುಂಗಿಕೊಳ್ಳುವುದು ಲೇಸಲ್ಲವೇ?" ಎಂದು ಶಿಷ್ಯ ಕೇಳಿದ. ಮಠದ ದಾಸೋಹದಲ್ಲಿ ಒಂದು ಕೇರಿಯವರಿಗೆ ಮಾತ್ರ ಹಿತ್ತಲಲ್ಲಿ ಎಲೆ ಹಾಕುವುದನ್ನು ಅವನು ಕಂಡಿದ್ದ. ಕಂಡೂ ಸುಮ್ಮನಿದ್ದ.

ಗುರುಗಳು ಕತೆ ಹೇಳಿದರು.

ಒಬ್ಬ ಹೆಣ್ಣುಮಗಳು ಗಂಡ ತೀರಿಕೊಂಡ ಮೇಲೆ ತಾನೇ ಹೊಲ ಮಾಡುತ್ತಿದ್ದಳು. ಅವಳ ಶೇಂಗಾ ಹೊಲಕ್ಕೆ ಇಲಿ ಬಿದ್ದವು. ಬಳ್ಳಿ ಮೇಲೆ ಹಸಿರಾಗಿಯೇ ಇರುತ್ತಿತ್ತು; ಕಿತ್ತು ನೋಡಿದರೆ ಕೆಳಗೆ ಕಾಯಿ ಇರುತ್ತಿರಲಿಲ್ಲ. ಬೋನು ಇಟ್ಟಳು. ಬಿಲಕ್ಕೆ ಮೆಣಸಿನಕಾಯಿ ಹೊಗೆ ಹಾಕಿದಳು. ಹತ್ತು ಸತ್ತರೆ ಇಪ್ಪತ್ತು ಬಂದವು. ಈ ಬೆಳೆ ಹೋದರೆ ಮುಂದಿನ ವರ್ಷ ಬಿತ್ತಲು ಅವಳ ಹತ್ತಿರ ಬೀಜವೂ ಇರುತ್ತಿರಲಿಲ್ಲ.

ಇಲಿಗಳು ಎಲ್ಲಿಂದ ಬರುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಅವಳ ಹೊಲಕ್ಕೂ ಪಕ್ಕದ ರೈತನ ಹೊಲಕ್ಕೂ ನಡುವೆ ಒಂದು ಬದು. ಹಿಂದೆ ಅವಳ ಮಾವನೂ ಆ ರೈತನ ತಂದೆಯೂ ಅದಕ್ಕಾಗಿಯೇ ತಲೆ ಒಡೆದುಕೊಂಡಿದ್ದರು. ಇನ್ನು ಮುಂದೆ ಯಾರೂ ಬದುವಿಗೆ ಗುದ್ದಲಿ ಹಚ್ಚಕೂಡದು ಎಂದು ಹಿರಿಯರು ಆಣೆ ಹಾಕಿಸಿದರು. ಜಗಳ ನಿಂತಿತು. ಊರು ಆ ಬದುವನ್ನು ತೋರಿಸಿ ಮಕ್ಕಳಿಗೆ ಬುದ್ಧಿ ಹೇಳುತ್ತಿತ್ತು. ಇಲಿಗಳಿಗೆ ಮಾತ್ರ ಯಾರೂ ಆಣೆ ಹಾಕಿಸಿರಲಿಲ್ಲ. ಮುಳ್ಳುಕಂಟಿ ಬೆಳೆದು ಬದು ವರ್ಷ ವರ್ಷ ಅಗಲವಾಯಿತು, ಒಳಗೆಲ್ಲ ಬಿಲಗಳಾದವು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಬದು ಎರಡೂ ಹೊಲಗಳನ್ನು ಮೇಯುತ್ತಿತ್ತು.

ಅವಳು ಪಕ್ಕದ ರೈತನ ಬಳಿಗೆ ಹೋದಳು. ಕಂಟಿ ಕಡಿದು ಬಿಲ ಅಗೆಯೋಣ ಎಂದಳು.

"ಹಿರಿಯರ ಆಣಿ ಐತಿ. ಹಾಳಾದ್ರ ಇಬ್ಬರದೂ ಹಾಳಾಗತೈತಿ, ಬಿಡು," ಎಂದ ಅವನು. ಅದನ್ನೇ ಅವನು ದೊಡ್ಡ ನ್ಯಾಯವೆಂದು ತಿಳಿದಿದ್ದ.

ಅವಳಿಗೆ ಮೈಯೆಲ್ಲ ಉರಿಯಿತು. ಮರುದಿನ ಹೊತ್ತೇರಿದ ಮೇಲೆ, ನಾಲ್ಕು ಜನ ನೋಡಲಿ ಎಂದೇ, ಗುದ್ದಲಿ ಹೆಗಲಿಗೇರಿಸಿ ನಡುಬೀದಿಯಲ್ಲಿ ನಡೆದಳು. ಊರು ಹಿಂದೆಯೇ ಓಡಿಬಂತು. ಪಕ್ಕದ ರೈತ ಬದುವಿನ ಮೇಲೆ ಹತ್ತಿ ನಿಂತ.

"ಕಡಿಯೂದಾದ್ರ ಮೊದಲು ನನ್ನ ಕಾಲು ಕಡಿ!"

"ನಿಂದ್ರು. ನೀ ನಿಂತಷ್ಟು ಜಾಗಾ ಬಿಟ್ಟು ಕಡೀತೀನಿ."

ಕಡಿದಳು. ಬೈಯುವವರು ಬೈದರು, ಮಣ್ಣು ತೂರಿ ಶಾಪ ಹಾಕುವವರು ಹಾಕಿದರು. ಅವಳ ಗುದ್ದಲಿ ನಿಲ್ಲಲಿಲ್ಲ. ಟೊಳ್ಳು ಬದು ಕುಸಿಯುತ್ತ ಬಂತು. ಬಿಲಗಳಿಂದ ಬುಟ್ಟಿಗಟ್ಟಲೆ ಶೇಂಗಾ ಹೊರಬಿತ್ತು. ಅವಳದೆಷ್ಟು, ಅವನದೆಷ್ಟು ಎಂದು ಬೇರ್ಪಡಿಸುವಂತಿರಲಿಲ್ಲ. ಸಂಜೆಯ ಹೊತ್ತಿಗೆ ರೈತ ನಿಂತಲ್ಲಿ ಒಂದು ದಿಬ್ಬ ಮಾತ್ರ ಉಳಿದಿತ್ತು. ಬದು ಇದ್ದ ಜಾಗದ ನಟ್ಟನಡುವೆ, ಒಂದು ಬೆರಳೂ ಅವನ ಕಡೆ ಸರಿಯದಂತೆ, ಅವಳು ಸಾಲಾಗಿ ಕಲ್ಲು ನೆಟ್ಟು ಮನೆಗೆ ಹೋದಳು.

ಆ ವರ್ಷ ಅವಳಿಗೆ ಬಿತ್ತನೆಯ ಬೀಜ ಉಳಿಯಿತು. ಪಕ್ಕದ ರೈತನಿಗೂ ಉಳಿಯಿತು. ಆದರೆ ಅವನು ಅವಳನ್ನು ಮಾತನಾಡಿಸಲಿಲ್ಲ, ಊರೂ ಮಾತನಾಡಿಸಲಿಲ್ಲ. ಅವಳು ಯಾರ ಕ್ಷಮೆಯನ್ನೂ ಕೇಳಲಿಲ್ಲ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಏನೇ ಆದರೂ, ಹಿರಿಯರು ಅಷ್ಟು ವರ್ಷ ಕಾಯ್ದ ಶಾಂತಿಯನ್ನು ಅವಳು ಕೆಡಿಸಿದಳಲ್ಲ?" ಎಂದ.

ಗುರುಗಳು ಅವನ ಮುಖ ನೋಡಿ ಕೇಳಿದರು: "ಆ ಶಾಂತಿಯನ್ನು ಅಷ್ಟು ವರ್ಷ ತಿಂದು ಕೊಬ್ಬಿದವರು ಯಾರು?"