ಮೂರನೆಯ ಪಾಲು

“ಗುರುಗಳೇ, ಗುರಿ ಕೈಗೆಟಕುವಷ್ಟು ಹತ್ತಿರ ಬಂದಾಗ ಹಿಂದಿರುಗುವವನು ಹೇಡಿಯಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. “ದಡದಲ್ಲಿ ಕೂತವನಿಗೆ ಎಲ್ಲ ಈಜೂ ಸುಲಭವೇ. ಕೇಳು” ಎಂದು ಕತೆ ಹೇಳಿದರು.

ಚಳಿ ದೇಶದ ಕಡಲತೀರದಲ್ಲಿ ಒಬ್ಬ ಮುಳುಗುಗಾರನಿದ್ದ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲ ತಳಕ್ಕೆ ಇಳಿಯುತ್ತಿದ್ದ. ಅಲ್ಲಿ, ಬಂಡೆಗೆ ಬಡಿದು ಒಡೆದ ಹಳೆಯ ಹಡಗೊಂದು ಚೂರುಚೂರಾಗಿ ಹರಡಿಕೊಂಡಿತ್ತು. ಅದರ ಗಂಟೆ ಬಾರಿಸುತ್ತಿದ್ದವನು ಮುಳುಗುಗಾರನ ಅಜ್ಜ; ಆತ ಹಡಗಿನೊಡನೆಯೇ ಮುಳುಗಿದ್ದ. ಆ ಗಂಟೆಯನ್ನು ತಂದು ತಾಯಿಯ ಕೈಗಿಡಬೇಕೆಂದು ಮುಳುಗುಗಾರ ಹನ್ನೆರಡು ವರ್ಷ ಹುಡುಕಿದ.

ಅವನದೊಂದು ಕಟ್ಟುಪಾಡು. ಸಿಲಿಂಡರಿನ ಗಾಳಿಯಲ್ಲಿ ಒಂದು ಪಾಲು ಹೋಗುವುದಕ್ಕೆ, ಒಂದು ಪಾಲು ಬರುವುದಕ್ಕೆ. ಮೂರನೆಯ ಪಾಲನ್ನು ಮುಟ್ಟದೆ ಮೇಲಕ್ಕೆ ತರುತ್ತಿದ್ದ. ಜೊತೆಗೆ ಇಳಿಯುತ್ತಿದ್ದ ಗೆಳೆಯನಿಗೆ ಇದೊಂದು ತಮಾಷೆ. ಆ ಗೆಳೆಯನಿಗೆ ಬುದ್ಧಿ ತುಸು ಕಡಿಮೆ, ಬಾಯಿ ತುಸು ಹೆಚ್ಚು.

“ಪ್ರತಿ ಸಲವೂ ಗಾಳಿ ಹೊತ್ತು ತರುತ್ತೀಯಲ್ಲ, ಮೇಲೇನು ಗಾಳಿಗೆ ಬರವೇ?” ಎಂದು ಕೆಣಕಿದ.

“ಅದು ನನ್ನದಲ್ಲ” ಎಂದಷ್ಟೇ ಮುಳುಗುಗಾರ ಹೇಳಿದ.

ಹನ್ನೆರಡನೆಯ ವರ್ಷ, ಚಳಿಗಾಲಕ್ಕೆ ಮುನ್ನ ಕೊನೆಯ ಸಲ ಇಳಿದಾಗ, ಕಬ್ಬಿಣದ ತಗಡಿನಡಿ ಗಂಟೆಯ ಅಂಚು ಕಂಡಿತು. ಸುತ್ತಲಿನ ಮರಳು ತೆಗೆದರೆ ಸಾಕಿತ್ತು. ಅಷ್ಟರಲ್ಲಿ ಮೀಟರಿನ ಮುಳ್ಳು ಮೊದಲ ಪಾಲು ಮುಗಿಯಿತೆಂದು ತೋರಿಸಿತು. ಮುಳುಗುಗಾರ ಗಂಟೆಯನ್ನೊಮ್ಮೆ ಮುಟ್ಟಿ, ಹಿಂದಿರುಗೋಣವೆಂದು ಸನ್ನೆ ಮಾಡಿದ. ಎಂಥ ಮನುಷ್ಯ! ಹನ್ನೆರಡು ವರ್ಷದ ಹಂಬಲ ಅಂಗೈಯಡಿ ಇತ್ತು, ಆದರೂ ಕೈ ತೆಗೆದ.

ಗೆಳೆಯ ಒಪ್ಪಲಿಲ್ಲ. ಸಿಟ್ಟಿನಿಂದ ತಾನೇ ಮರಳು ಬಗೆಯತೊಡಗಿದ. ಏದುಸಿರು ಬಂತು. ಕೊರೆಯುವ ಚಳಿಗೆ ಅವನ ಉಸಿರಿನ ಕವಾಟ ಹೆಪ್ಪುಗಟ್ಟಿ ತೆರೆದುಕೊಂಡೇ ಉಳಿಯಿತು. ಗಾಳಿಯೆಲ್ಲ ಗುಳ್ಳೆಗಳಾಗಿ ಹೊರಟುಹೋಯಿತು.

ಮುಳುಗುಗಾರ ತನ್ನ ಸಿಲಿಂಡರಿನ ಎರಡನೆಯ ನಳಿಗೆಯನ್ನು ಅವನ ಬಾಯಿಗಿಟ್ಟ. ಒಬ್ಬರ ತೋಳು ಒಬ್ಬರು ಹಿಡಿದು, ಆತುರಪಡದೆ ಮೇಲೆ ಬಂದರು. ದೋಣಿ ಹತ್ತಿದಾಗ ಮುಳ್ಳು ಸೊನ್ನೆಯ ಹತ್ತಿರವಿತ್ತು. ಬೈಗುಳಕ್ಕೆ ಕಾದಿದ್ದ ಗೆಳೆಯನಿಗೆ ಅವನು ಕಂಬಳಿ ಹೊದಿಸಿದ.

ಚಳಿಗಾಲದ ಅಲೆಗಳು ಆ ಜಾಗವನ್ನು ಮರಳಿನಿಂದ ಮುಚ್ಚಿದವು. ಮರುವರ್ಷ ಇಳಿದಾಗ ಗಂಟೆಯಿರಲಿ, ತಗಡೂ ಕಾಣಲಿಲ್ಲ.

ಶಿಷ್ಯ ನಿಟ್ಟುಸಿರಿಟ್ಟ. “ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅಷ್ಟು ಕಷ್ಟಪಟ್ಟು ಅವನು ಆ ಕಡಲಿನಿಂದ ತಂದದ್ದಾದರೂ ಏನು, ಗುರುಗಳೇ?”

“ನಿನ್ನ ಗುರುವನ್ನು” ಎಂದರು ಗುರುಗಳು.