ಆವಿಗೆಯ ಕಟ್ಟಳೆ

“ಗುರುಗಳೇ, ಹೆಚ್ಚು ಜನ ಹೇಳಿದಂತೆ ನಡೆಯುವುದು ಪ್ರಜಾಪ್ರಭುತ್ವ. ಹಾಗಿದ್ದ ಮೇಲೆ ಗಣರಾಜ್ಯ ಎಂಬ ಇನ್ನೊಂದು ಹೆಸರು ಏಕೆ ಬೇಕಾಯಿತು?” ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೇಳಿದರು:

ಒಂದು ಕುಂಬಾರರ ಕೇರಿ. ಇಡೀ ಕೇರಿಗೆ ಮಡಕೆ ಸುಡಲು ಒಂದೇ ಆವಿಗೆ. ಅದಕ್ಕೆ ಯಾವ ದಿನ ಬೆಂಕಿ ಇಡಬೇಕು, ಸೌದೆ ಯಾರು ತರಬೇಕು ಎಂಬುದನ್ನೆಲ್ಲ ಕೈಯೆತ್ತಿ ತೀರ್ಮಾನಿಸುತ್ತಿದ್ದರು. ಹೆಚ್ಚು ಕೈ ಎದ್ದ ಕಡೆಗೆ ಮಾತು ನಿಲ್ಲುತ್ತಿತ್ತು.

ಆ ಕೇರಿಯಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಯಾರ ಮಡಕೆ ಸೋರುತ್ತದೆ ಎಂಬುದನ್ನು ಸಂತೆಯಲ್ಲಿ ನಿಂತು ಎಲ್ಲರೆದುರಿಗೇ ಹೇಳಿಬಿಡುತ್ತಿದ್ದಳು. ಕೇರಿಗೆ ಸಿಟ್ಟು ಬಂತು. ಮಳೆಗಾಲಕ್ಕೆ ಮೊದಲಿನ ಕಡೆಯ ಬೆಂಕಿಯ ದಿನ, ಅವಳ ಮಡಕೆಗಳನ್ನು ಹೊರಗಿಡೋಣವೆಂದು ಕೇರಿಯವರು ಕೈಯೆತ್ತಿದರು. ಸುಡದ ಮಡಕೆ ಮೊದಲ ಮಳೆಗೇ ಮಣ್ಣು. ಅವಳ ವರ್ಷದ ಅನ್ನ ಅಲ್ಲಿಗೆ ಮುಗಿಯುತ್ತಿತ್ತು.

“ನಿನಗೆ ಆವಿಗೆ ಏತಕ್ಕಮ್ಮ? ನಿನ್ನ ನಾಲಿಗೆಯ ಬಿಸಿಯೇ ಸಾಕಲ್ಲ!” ಎಂದನೊಬ್ಬ ಕುಂಬಾರ.

“ನನ್ನ ನಾಲಿಗೆಯ ಮೇಲೆ ಬೆಂದಿದ್ದರೆ ನಿನ್ನ ಮಡಕೆ ಸೋರುತ್ತಿರಲಿಲ್ಲ, ಮಾವ” ಎಂದಳು. ಬೇಡಿಕೊಳ್ಳಲಿಲ್ಲ. ತನ್ನ ಹಸಿ ಮಡಕೆಗಳ ಪಕ್ಕದಲ್ಲೇ ನಿಂತಳು.

ಬೆಂಕಿ ಇಡುವುದು ಒಬ್ಬ ಮುದುಕನ ಕೆಲಸ. ಅವನು ಕೊಳ್ಳಿಯನ್ನು ಕೆಳಗಿಟ್ಟ.

“ಎಲ್ಲ ಮನೆಯ ಮಡಕೆ ಒಳಗೆ ಸೇರದೆ ಬೆಂಕಿ ಇಡಬಾರದು. ಆವಿಗೆ ಕಟ್ಟಿದ ದಿನ ಎಲ್ಲ ಮನೆಯವರೂ ಮಣ್ಣು ಹೊತ್ತು ಮಾಡಿಕೊಂಡ ಕಟ್ಟಳೆ ಇದು. ಯಾವಾಗ ಸುಡಬೇಕೆಂದು ನಿಮ್ಮ ಕೈ ಹೇಳಲಿ. ಯಾರನ್ನು ಬಿಡಬೇಕೆಂದು ಹೇಳುವ ಹಕ್ಕು ಕೈಗಿಲ್ಲ.”

“ಇಷ್ಟು ಕೈ ಎದ್ದರೂ ಇಲ್ಲವೇ, ಅಜ್ಜ? ಹಾಗಾದರೆ ಆ ಕಟ್ಟಳೆಯನ್ನೇ ಮುರಿಯುತ್ತೇವೆ” ಎಂದರು ಕೇರಿಯವರು.

“ಮುರಿಯಿರಪ್ಪ. ಆದರೆ ಮುಂದಿನ ಸಲ ಯಾರ ಮಡಕೆ ಹೊರಗೆ ಎಂಬುದನ್ನೂ ಈಗಲೇ ಕೈಯೆತ್ತಿ ಹೇಳಿಬಿಡಿ.”

ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಬೇಲಿಯ ಜಗಳ, ಹೆಣ್ಣು ಕೊಡದ ಮುನಿಸು, ಹಳೆಯ ಹೊಟ್ಟೆಕಿಚ್ಚು, ಎಲ್ಲರಿಗೂ ಒಂದೊಂದು ನೆನಪಾಯಿತು. ಒಂದು ಕೈಯೂ ಏಳಲಿಲ್ಲ. ಅವಳನ್ನು ಹಂಗಿಸಿದ ಕುಂಬಾರನೇ ಮೊದಲು ಬಗ್ಗಿದ. ಅವಳ ಮಡಕೆಗಳನ್ನು ಎತ್ತಿ, ಉರಿ ಚೆನ್ನಾಗಿ ತಾಗುವ ನಡುವಿನಲ್ಲೇ ಇಟ್ಟ. “ಮೆಲ್ಲಗೆ ಇಡು” ಎಂದಳು ಅವಳು. ಯಾರೋ ನಕ್ಕರು. ಮುದುಕ ಬೆಂಕಿ ಇಟ್ಟ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಹೇಳಿದ: “ಕೈಗಳ ಮಾತು ನಡೆಯುವುದು ಪ್ರಜಾಪ್ರಭುತ್ವ. ಕೈಗಳೂ ಮೀರಬಾರದ ಕಟ್ಟಳೆ ಇರುವುದು ಗಣರಾಜ್ಯ. ಅದು ತಿಳಿಯಿತು. ಆದರೆ ಗುರುಗಳೇ, ಅವಳೊಬ್ಬಳಿಗಾಗಿ ಇಡೀ ಕೇರಿ ಸೋಲಬೇಕಾಯಿತಲ್ಲ?”

“ಮಗು, ಅಂದು ಅವಳಿಗಿಂತ ನಿಶ್ಚಿಂತೆಯಿಂದ ನಿದ್ದೆ ಮಾಡಿದವರು ಕೈಯೆತ್ತಿದವರೇ” ಎಂದರು ಗುರು.